ಗೋವಳರ ಒಲವು, ಮರದಚ್ಚಿನ ಗೆರೆ: ಆನೆಗೊಂದಿಯ ನೆಲೆಯಿಂದ ಒಂದು ಓದು

ತುಂಗಭದ್ರೆಯ ಎಡದಂಡೆಯಲ್ಲಿ, ಹಂಪಿಗೆ ಎದುರಾಗಿರುವ ಆನೆಗೊಂದಿಯನ್ನು ವಿಜಯನಗರದ ತಾಯಿಬೇರು ಎಂದು ಚರಿತ್ರಕಾರರು ಗುರುತಿಸುತ್ತ ಬಂದಿದ್ದಾರೆ. ಕೋಟೆ, ಗಗನಮಹಲು, ರಂಗನಾಥನ ಗುಡಿ, ನಡುಗಡ್ಡೆಯ ನವಬೃಂದಾವನ, ಸುತ್ತಲಿನ ಕಿಷ್ಕಿಂಧೆಯ ಕಲ್ಲುಗುಡ್ಡಗಳು ಇವೆಲ್ಲವೂ ಈ ಊರನ್ನು ಕುರಿತ ಬರಹಗಳಲ್ಲಿ ತಪ್ಪದೆ ಬರುತ್ತವೆ. ಹೊಳೆಯ ಬದಿಯ ಹುಚ್ಚಪ್ಪಯ್ಯನ ಮಠಕ್ಕೆ ಇಂಥ ಬರಹಗಳಲ್ಲಿ ದೊರೆತಿರುವುದು ಒಂದೆರಡು ಸಾಲು ಮಾತ್ರ. ಮಠದ ಕಪ್ಪುಕಲ್ಲಿನ ಕಂಬಗಳು ಚಾಲುಕ್ಯ ಶೈಲಿಯ ನುಣುಪಾದ ತಿರುಗಣಿ ಕೆಲಸವನ್ನು ನೆನಪಿಸುತ್ತವೆ. ಅದರ ಮುಚ್ಚಿಗೆಯಲ್ಲಿ ಮಾಸಿದ ಬಣ್ಣದ ಚಿತ್ರಗಳಿವೆ. ಹೆಂಗಳೆಯರ ದೇಹಗಳನ್ನು ಒಂದಕ್ಕೊಂದು ಹೆಣೆದು ಆನೆಯ ಆಕಾರ ಮೂಡಿಸುವ ರಚನೆ ಅವುಗಳಲ್ಲಿ ಪ್ರಸಿದ್ಧವಾದುದು. ಕಲಾ ಇತಿಹಾಸದಲ್ಲಿ ಇದಕ್ಕೆ ನಾರೀಕುಂಜರ ಎಂದು ಹೆಸರು.

ಇಂಥ ಚಿತ್ರದ ಮುಂದೆ ನಿಂತ ನೋಡುಗನಿಗೆ ಮೊದಲು ಎದುರಾಗುವ ತೊಡಕು ಅದರ ಕತೆ ಯಾವುದು ಎಂಬುದು. ಒಡಿಶಾ ಮತ್ತು ಬಂಗಾಳಗಳ ಚಿತ್ರಪರಂಪರೆಯಲ್ಲಿ ಈ ಆನೆಯನ್ನು ಏರಿದವನು ಕೃಷ್ಣ. ಆನೆಯಾದವರು ಒಂಬತ್ತು ಮಂದಿ ಗೋಪಿಯರು. ಆಟ ನಡೆಯುವುದು ಬೃಂದಾವನದಲ್ಲಿ. ಬೇರೆ ಕೆಲವು ಕಡೆಗಳಲ್ಲಿ ಆನೆಯ ಮೇಲೆ ಕೂತವನು ಮನ್ಮಥ. ಆಗ ಅದು ಅರಮನೆಯ ಶೃಂಗಾರದ ವಿನೋದವಾಗುತ್ತದೆ, ಗೋವಳರಿಗೂ ಅದಕ್ಕೂ ಸಂಬಂಧ ಉಳಿಯುವುದಿಲ್ಲ. ಗೆರೆ ಅದೇ, ಹೆಣಿಗೆ ಅದೇ. ಏರಿದವನು ಬದಲಾದೊಡನೆ ಹಳ್ಳಿಯ ಹುಡುಗಿಯರು ಅಂತಃಪುರದ ಸ್ತ್ರೀಯರಾಗಿಬಿಡುತ್ತಾರೆ. ಆದುದರಿಂದ ಚಿತ್ರದ ಅರ್ಥ ಅದರ ಗೆರೆಯೊಳಗಷ್ಟೇ ಇಲ್ಲ, ಅದನ್ನು ವಿವರಿಸಿ ಹೇಳುವವನ ಬಾಯಲ್ಲಿಯೂ ಇದೆ. ಆ ವಿವರಣೆಕಾರನು ಎಲ್ಲಿ ನಿಂತು ಮಾತನಾಡುತ್ತಾನೆ ಎಂಬ ಪ್ರಶ್ನೆ, ಗೋವಳರ ಒಲವಿನ ಕತೆಗಳ ಮಟ್ಟಿಗಂತೂ, ಬಹಳ ಮುಖ್ಯವಾದುದು. ಏಕೆಂದರೆ ಈ ಕತೆಗಳನ್ನು ಬರೆದವರಾಗಲಿ, ಚಿತ್ರಿಸಿದವರಾಗಲಿ, ಕೊಂಡು ನೋಡಿದವರಾಗಲಿ ದನ ಕುರಿ ಮೇಯಿಸಿದವರಾಗಿದ್ದುದು ತೀರ ವಿರಳ.

ಗೋವಳಕಥನದ ಅತ್ಯಂತ ಹಳೆಯ ಗದ್ಯರೂಪವೆಂದು ಹೇಳಬಹುದಾದ ಒಂದು ಗ್ರೀಕ್ ಕೃತಿಯು ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಕ್ರಿಸ್ತಶಕ 2ನೆಯ ಶತಮಾನದ ಕೊನೆ ಅಥವಾ 3ನೆಯ ಶತಮಾನದ ಆರಂಭದ್ದೆಂದು ವಿದ್ವಾಂಸರು ಊಹಿಸುವ, ಲಾಂಗಸ್ ಎಂಬ ಹೆಸರಿನ ಲೇಖಕನ ‘ಡಾಫ್ನಿಸ್ ಮತ್ತು ಕ್ಲೋಯಿ’ ಆ ಕೃತಿ. ಅದರ ಪೀಠಿಕೆಯಲ್ಲಿ ನಿರೂಪಕನು ಲೆಸ್ಬಾಸ್ ದ್ವೀಪದಲ್ಲಿ ಬೇಟೆಯಾಡುತ್ತಿದ್ದಾಗ ವನದೇವತೆಯರ ತೋಪೊಂದರಲ್ಲಿ ಒಂದು ಚಿತ್ರವನ್ನು ಕಾಣುತ್ತಾನೆ. ಹೆರುವ ಹೆಂಗಸರು, ಬಟ್ಟೆಯಲ್ಲಿ ಸುತ್ತಿಟ್ಟ ಕೂಸುಗಳು, ಕೂಸಿಗೆ ಹಾಲೂಡುವ ಕುರಿಮೇಕೆಗಳು, ಎತ್ತಿಕೊಳ್ಳುವ ಕುರುಬರು, ಕಡಲ್ಗಳ್ಳರು, ಪ್ರೇಮಿಗಳು ಆ ಚಿತ್ರದಲ್ಲಿ ಇದ್ದಾರೆ. ನಿರೂಪಕನಿಗೆ ಚಿತ್ರ ಹಿಡಿಸುತ್ತದೆ, ಆದರೆ ಅರ್ಥವಾಗುವುದಿಲ್ಲ. ಅವನು ಚಿತ್ರವನ್ನು ಬಿಡಿಸಿ ಹೇಳಬಲ್ಲ ಸ್ಥಳೀಯನೊಬ್ಬನನ್ನು ಹುಡುಕಿ, ಅವನಿಂದ ಕೇಳಿ, ನಾಲ್ಕು ಭಾಗಗಳಲ್ಲಿ ಕತೆಯನ್ನು ಬರೆಯುತ್ತಾನೆ. ಅಂದರೆ ಇಡೀ ಕೃತಿಯು ಒಂದು ಚಿತ್ರದ ವ್ಯಾಖ್ಯಾನ. ಚಿತ್ರ ಕಾಣೆಯಾಗಿದೆ, ವ್ಯಾಖ್ಯಾನ ಉಳಿದಿದೆ. ಆನೆಗೊಂದಿಯಲ್ಲಿ ಇದು ತಿರುವುಮುರುವಾಗಿದೆ: ಚಿತ್ರವು ಅಷ್ಟಿಷ್ಟು ಉಳಿದಿದೆ, ಅದನ್ನು ಬಿಡಿಸಿ ಹೇಳುತ್ತಿದ್ದವರ ಪರಂಪರೆ ತೆಳುವಾಗಿದೆ.

ಕತೆಯ ಎಳೆ ಸರಳವಾದುದು. ಮೇಕೆ ಕಾಯುವ ಲೇಮನ್ ಎಂಬವನಿಗೆ ಮೇಕೆಯೊಂದು ಹಾಲೂಡುತ್ತಿದ್ದ ಗಂಡುಕೂಸು ಸಿಗುತ್ತದೆ. ಎರಡು ವರ್ಷಗಳ ಬಳಿಕ ಕುರಿಗಾಹಿ ಡ್ರೈಯಸನಿಗೆ ವನದೇವತೆಯರ ಗವಿಯಲ್ಲಿ ಕುರಿಯೊಂದರ ಹಾಲು ಕುಡಿಯುತ್ತಿದ್ದ ಹೆಣ್ಣುಕೂಸು ಸಿಗುತ್ತದೆ. ಇಬ್ಬರೂ ಹದಿನೈದು ಹದಿಮೂರರ ವಯಸ್ಸಿಗೆ ಬಂದು ಜೊತೆಯಾಗಿ ಮಂದೆ ಕಾಯುತ್ತಾರೆ, ಒಲವು ಹುಟ್ಟುತ್ತದೆ, ಆದರೆ ಅದಕ್ಕೆ ಏನೆಂದು ಹೆಸರೆಂಬುದು ಅವರಿಗೆ ತಿಳಿದಿಲ್ಲ. ಫಿಲೇಟಸ್ ಎಂಬ ಮುದುಕ ಗೋವಳನು ಅದು ಪ್ರೇಮದೇವತೆಯ ಕೆಲಸವೆಂದು ಹೇಳಿಕೊಡಬೇಕಾಗುತ್ತದೆ. ಕಡಲ್ಗಳ್ಳರ ದಾಳಿ, ಯುದ್ಧ, ಪ್ಯಾನ್ ದೇವತೆಯ ರಕ್ಷಣೆ, ಹಿಮದ ಚಳಿಗಾಲ, ಮರದ ತುತ್ತತುದಿಯಲ್ಲಿ ಉಳಿದ ಒಂದೇ ಒಂದು ಸೇಬು ಹೀಗೆ ಋತುಗಳ ಲಯದಲ್ಲಿ ಕತೆ ಸಾಗಿ, ಇಬ್ಬರೂ ಪಟ್ಟಣದ ಸಿರಿವಂತರ ಮಕ್ಕಳೆಂದು ಗೊತ್ತಾಗಿ, ಮದುವೆಯಲ್ಲಿ ಮುಗಿಯುತ್ತದೆ. ಈ ಕೃತಿಯ ಒಂದು ದೊಡ್ಡ ತುಣುಕು ಶತಮಾನಗಳ ಕಾಲ ಅಚ್ಚಾದ ಪ್ರತಿಗಳಲ್ಲಿ ಇರಲಿಲ್ಲ. ಕ್ಲೋಯಿ ತನ್ನ ಜೊತೆಗಾರನು ಮೀಯುವುದನ್ನು ಕಂಡು ಮೊದಲ ಸಲ ಮನಸೋಲುವ ಭಾಗವದು. ಫ್ರೆಂಚ್ ವಿದ್ವಾಂಸ ಪಾಲ್ ಲೂಯಿ ಕೂರಿಯೆ 1809ರಲ್ಲಿ ಫ್ಲಾರೆನ್ಸಿನ ಗ್ರಂಥಾಲಯದ ಹಸ್ತಪ್ರತಿಯಲ್ಲಿ ಅದನ್ನು ಪತ್ತೆಹಚ್ಚಿದನು. ಅದೇ ಪುಟದ ಮೇಲೆ ಅವನಿಂದಲೇ ಮಸಿ ಚೆಲ್ಲಿತು. ಹಸ್ತಪ್ರತಿಶಾಸ್ತ್ರದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆಯ ಕತೆ ಬೇಕಿಲ್ಲ.

ಈ ಕೃತಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮರದಚ್ಚಿನ ಚಿತ್ರಗಳ ಮೂಲಕ ಅರ್ಥೈಸಿದವರು ಇಂಗ್ಲೆಂಡಿನ ಚಾರ್ಲ್ಸ್ ರಿಕೆಟ್ಸ್ (1866–1931) ಮತ್ತು ಚಾರ್ಲ್ಸ್ ಶಾನನ್ (1863–1937). ಲಂಡನ್ನಿನ ಲ್ಯಾಂಬೆತ್ ಕಲಾಶಾಲೆಯಲ್ಲಿ ವಿದ್ಯಾರ್ಥಿಗಳಾಗಿ ಭೇಟಿಯಾದ ಇವರು ಬದುಕಿಡೀ ಒಂದೇ ಮನೆಯಲ್ಲಿ ಜೊತೆಯಾಗಿ ಬಾಳಿದವರು. 1893ರಲ್ಲಿ ಅವರು ಹೊರತಂದ ‘ಡಾಫ್ನಿಸ್ ಮತ್ತು ಕ್ಲೋಯಿ’ಗೆ ಜಾರ್ಜ್ ಥಾರ್ನ್ಲಿಯ 1657ರ ಇಂಗ್ಲಿಷ್ ಅನುವಾದವೇ ಪಠ್ಯ. ಅಚ್ಚಾದುದು 210 ಪ್ರತಿಗಳು, ಚಿತ್ರಗಳು 37. ಇಬ್ಬರೂ ಸೇರಿ ಚಿತ್ರಗಳನ್ನು ಕಲ್ಪಿಸಿಕೊಂಡರು; ಅವನ್ನು ಮರದ ಹಲಗೆಯ ಮೇಲೆ ಬರೆದವನು ರಿಕೆಟ್ಸ್; ಕೆತ್ತಿದವರು ಇಬ್ಬರೂ.

ಈ ಕೊನೆಯ ವಿವರವು ಕೇವಲ ತಾಂತ್ರಿಕವಾದುದಲ್ಲ. ಅಂದಿನ ಐರೋಪ್ಯ ಪುಸ್ತಕೋದ್ಯಮದಲ್ಲಿ ಕಲಾವಿದನು ಬರೆದುಕೊಟ್ಟರೆ ಕೆತ್ತುವವನು ಬೇರೊಬ್ಬ ಕೂಲಿಕಾರನಾಗಿರುತ್ತಿದ್ದ. ಮರದ ಅಡ್ಡಗೊಯ್ತದ ಗಟ್ಟಿ ಮೈಯ ಮೇಲೆ ಮೊನಚಾದ ಉಳಿಯಿಂದ ಸೂಕ್ಷ್ಮವಾಗಿ ಗೀರುವ ವಿಧಾನವನ್ನು ಥಾಮಸ್ ಬ್ಯೂಯಿಕ್ (1753–1828) ಎತ್ತರಕ್ಕೆ ಒಯ್ದ ಮೇಲೆ, ಪತ್ರಿಕೆಗಳಿಗೂ ಪಠ್ಯಪುಸ್ತಕಗಳಿಗೂ ಸಾವಿರಾರು ಹಲಗೆಗಳನ್ನು ಕೆತ್ತುವ ಕಾರ್ಯಾಗಾರಗಳು ಬೆಳೆದವು. 1880ರ ದಶಕದಿಂದ ಛಾಯಾಚಿತ್ರದ ನೆರವಿನಿಂದ ಸತುವಿನ ತಗಡಿನ ಮೇಲೆ ಅಚ್ಚು ತೆಗೆಯುವ ವಿಧಾನ ಹಬ್ಬಿತು. ಕೆತ್ತುವವರ ಹೊಟ್ಟೆಪಾಡು ಮುಳುಗಿತು. ಹೀಗೆ ಕೂಲಿಯ ಕೆಲಸವಾಗಿ ಸತ್ತದ್ದೇ ಕಲೆಯಾಗಿ ಮರುಹುಟ್ಟು ಪಡೆಯಿತು. ವಿಲಿಯಂ ಮಾರಿಸನ ಕೆಲ್ಮ್‌ಸ್ಕಾಟ್ ಮುದ್ರಣಾಲಯ ಆರಂಭವಾದದ್ದು 1891ರಲ್ಲಿ. ರಿಕೆಟ್ಸ್ ಮತ್ತು ಶಾನನ್ನರ ಪುಸ್ತಕವು ಅದೇ ಗಾಳಿಯ ಕೂಸು. ಕೈಯಿಂದ ದುಡಿಯುವವನ ಕೆಲಸ ಕೈಬಿಟ್ಟುಹೋದ ಹೊತ್ತಿಗೆ, ಕೈಕೆಲಸದ ಮೇಲಿನ ಮೋಹವು ಹುಟ್ಟಿಕೊಂಡದ್ದು ಆಕಸ್ಮಿಕವೇನಲ್ಲ. ಗೋವಳಕಥನದ ಒಳತಿರುಳೂ ಇಂಥದೇ ಮೋಹ. ಪಟ್ಟಣದವನು ತಾನು ಕಳೆದುಕೊಂಡ, ಅಥವಾ ತನ್ನ ಬಳಿ ಎಂದೂ ಇಲ್ಲದ, ಹಸಿರನ್ನು ಅಲ್ಲಿ ಹುಡುಕುತ್ತಾನೆ. ವಸ್ತುವಿಗೂ ವಿಧಾನಕ್ಕೂ ಇಲ್ಲಿ ಒಂದು ಗುಟ್ಟಾದ ನಂಟು ಇದೆ ಎನ್ನಬೇಕು.

ಅವರು ಮಾದರಿಯಾಗಿ ಇರಿಸಿಕೊಂಡದ್ದು ಗ್ರೀಕ್ ಶಿಲ್ಪವನ್ನಲ್ಲ, ವೆನಿಸ್ಸಿನ ಆಲ್ಡಸ್ ಮನೂಷಿಯಸ್ 1499ರಲ್ಲಿ ಅಚ್ಚುಹಾಕಿದ ‘ಹಿಪ್ನರೋಟೊಮಾಕಿಯಾ ಪೊಲಿಫಿಲಿ’ ಎಂಬ ಪ್ರಣಯಗ್ರಂಥದ ಮರದಚ್ಚುಗಳನ್ನು. ಅಲ್ಲಿಯ ಗೆರೆ ತೆಳು, ಸಮ, ನೆರಳಿಲ್ಲದ್ದು. ಕಾಗದದ ಬಿಳುಪೇ ಬೆಳಕು, ಬಯಲು, ಮೈಬಣ್ಣ ಎಲ್ಲವೂ ಆಗುತ್ತದೆ. ಈ ಗೆರೆಯ ಆಯ್ಕೆಯಲ್ಲಿಯೇ ಒಂದು ವ್ಯಾಖ್ಯಾನ ಅಡಗಿದೆ. ಲಾಂಗಸನ ಪ್ರೇಮಿಗಳಿಗೆ ತಮ್ಮ ಒಳಗೆ ಆಗುತ್ತಿರುವುದರ ಹೆಸರು ತಿಳಿಯದು; ಓದುಗನಿಗೆ ಮಾತ್ರ ತಿಳಿದಿದೆ. ಈ ತಿಳಿವಿನ ಅಂತರದಿಂದಲೇ ಕತೆಗೆ ನಗುವೂ ಕಾವೂ ಬರುತ್ತದೆ. ನೆರಳುಬೆಳಕಿನ ಮಾಂಸಲ ಚಿತ್ರವು ಈ ಅಂತರವನ್ನು ಅಳಿಸಿ ನೋಡುಗನನ್ನು ಕದ್ದುನೋಡುವವನನ್ನಾಗಿ ಮಾಡುತ್ತದೆ. ತೆಳುಗೆರೆಯಾದರೋ ಬೆತ್ತಲೆಯನ್ನೂ ಬೇಲಿಯನ್ನೂ ಬಟ್ಟಲನ್ನೂ ಒಂದೇ ತೂಕದಲ್ಲಿ ಬರೆಯುತ್ತದೆ. ದೇಹಕ್ಕೆ ಮರಕ್ಕಿಂತ ಹೆಚ್ಚಿನ ಗಮನ ಕೊಡಲು ಒಲ್ಲದು. ಮುಗ್ಧತೆಯನ್ನು ಹೇಳಲು ಇದಕ್ಕಿಂತ ಹೊಂದುವ ಸಾಧನ ಕಷ್ಟ. ಆದರೂ ಇದಕ್ಕೆ ತೆತ್ತ ಬೆಲೆಯೂ ಇದೆ: ಲೆಸ್ಬಾಸಿನ ಮಣ್ಣು, ಬೆವರು, ಮೇಕೆಯ ನಾತ ಇವು ಯಾವುವೂ ಈ ಪುಟಗಳ ಹತ್ತಿರ ಸುಳಿಯವು.

ಇದೇ ದಶಕಗಳಲ್ಲಿ ಭಾರತದ ಗೋವಳಕಥನವೂ ಮರದಚ್ಚಿನಲ್ಲಿ ಮೂಡುತ್ತಿತ್ತು. ಕಲ್ಕತ್ತೆಯ ಬಟತಲಾದ ಓಣಿಗಳಲ್ಲಿ 1860ರ ನಂತರ ಕೃಷ್ಣಲೀಲೆಯ ಬಿಡಿಹಾಳೆಗಳು ಹಲಗೆಯಿಂದ ಅಚ್ಚಾಗಿ, ಕೈಯಿಂದ ಬಣ್ಣ ಬಳಿಸಿಕೊಂಡು, ತೀರ್ಥಯಾತ್ರಿಕರಿಗೂ ಗೃಹಸ್ಥರಿಗೂ ಅಗ್ಗದ ಬೆಲೆಗೆ ಮಾರಾಟವಾದವು. ಕೆತ್ತಿದವರಲ್ಲಿ ಕರ್ಮಕಾರ, ಸ್ವರ್ಣಕಾರ ಎಂಬ ಕುಲನಾಮದವರು ಹಲವರು. ಅಂದರೆ ಕಬ್ಬಿಣ ಮತ್ತು ಚಿನ್ನದ ಕೆಲಸದಿಂದ ಬಂದವರು. ನೃತ್ಯಲಾಲ ದತ್ತ, ಮಾಧವಚಂದ್ರ ದಾಸ ಮುಂತಾದವರ ಹೆಸರುಗಳು ಚಿತ್ರದೊಳಗೆ ಬಂಗಾಳಿ ಲಿಪಿಯಲ್ಲಿ ಕೆತ್ತಲ್ಪಟ್ಟು ಉಳಿದಿವೆ. ಹಲಗೆಯಲ್ಲಿ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೆತ್ತಬೇಕು. ಅಕ್ಷರವನ್ನು ತಿರುವಲು ಮರೆತರೆ ಓದಲಾಗದು. ವೇಣುಗೋಪಾಲನನ್ನು ತಿರುವಲು ಮರೆತರೆ ಅವನ ಕೊಳಲು ಬಲಕ್ಕೆ ಚಾಚದೆ ಎಡಕ್ಕೆ ಚಾಚುತ್ತದೆ. ಶಾಸ್ತ್ರ ಬಲ್ಲವನು ಇದನ್ನು ತಪ್ಪೆಂದಾನು, ಹಾಳೆ ಕೊಂಡ ಭಕ್ತನಿಗೆ ಕೊಳಲು ಕಂಡರೆ ಸಾಕು.

ಬಟತಲಾದ ಗೆರೆ ದಪ್ಪನೆಯದು, ಗಡುಸಾದುದು. ಕದಂಬದ ಮರ, ಯಮುನೆಯ ಅಲೆ, ಗೋಪಿಯರ ಸೀರೆಯ ನಿರಿಗೆ ಎಲ್ಲವೂ ಗೀರುಗಳ ಸಾಲಾಗಿ ಬರುತ್ತವೆ. ಹಿನ್ನೆಲೆಯಲ್ಲಿ ಕಲ್ಕತ್ತೆಯ ಸಿರಿವಂತರ ಮನೆಯ ಕಂಬವೋ ನಾಟಕರಂಗದ ಪರದೆಯೋ ಇಣುಕುತ್ತದೆ. ರಿಕೆಟ್ಸನ ಡಾಫ್ನಿಸ್ ಇಟಲಿಯಲ್ಲಿ ಮೇಕೆ ಕಾಯುವಂತೆ, ಇಲ್ಲಿಯ ಗೋಪಿಯರು ಚಿತ್ಪುರದ ರಸ್ತೆಯ ಆಸುಪಾಸಿನಲ್ಲಿಯೇ ಬೆಣ್ಣೆ ಮಾರುತ್ತಾರೆ. ಈ ಎರಡು ಮರದಚ್ಚುಗಳ ಗತಿ ಮಾತ್ರ ಒಂದೇ ಕಾಲದಲ್ಲಿ ಎದುರುಬದುರಾಯಿತು. 1878ರಲ್ಲಿ ಕಲ್ಕತ್ತೆಯ ಆರ್ಟ್ ಸ್ಟುಡಿಯೊ ಮತ್ತು ಪುಣೆಯ ಚಿತ್ರಶಾಲಾ ಮುದ್ರಣಾಲಯಗಳು ಕಲ್ಲಚ್ಚಿನ ವರ್ಣಚಿತ್ರಗಳನ್ನು ತಂದವು. 1894ರಲ್ಲಿ ಮುಂಬೈಯಲ್ಲಿ ರವಿವರ್ಮನ ಮುದ್ರಣಾಲಯ ಆರಂಭವಾಯಿತು. ಶತಮಾನ ಮುಗಿಯುವ ಹೊತ್ತಿಗೆ ಬಟತಲಾದ ಕೆತ್ತುವವರ ವೃತ್ತಿ ಬಹುಮಟ್ಟಿಗೆ ನಿಂತುಹೋಯಿತು. ಲಂಡನ್ನಿನಲ್ಲಿ ಮರದಚ್ಚು 210 ಮಂದಿ ರಸಿಕರ ಕಪಾಟಿಗೆ ಏರುತ್ತಿದ್ದ ವರ್ಷಗಳಲ್ಲಿಯೇ ಕಲ್ಕತ್ತೆಯಲ್ಲಿ ಅದು ಗೋಡೆಯಿಂದ ಇಳಿಯುತ್ತಿತ್ತು. ಒಂದು ಕಡೆಯ ಮರುಹುಟ್ಟಿನ ಬಗೆಗೆ ಕಲಾ ಇತಿಹಾಸವು ಬರೆದ ಪುಟಗಳಿಗೂ ಇನ್ನೊಂದು ಕಡೆಯ ಅಳಿವಿನ ಬಗೆಗೆ ಬರೆದ ಪುಟಗಳಿಗೂ ಇರುವ ಅಂತರವು ಆ ಇತಿಹಾಸದ ಯಜಮಾನಿಕೆ ಯಾರದೆಂಬುದನ್ನು ಹೇಳುತ್ತದೆ.

ಆನೆಗೊಂದಿಯ ಸೀಮೆಯಲ್ಲಿ ಮರಕ್ಕೂ ಚಿತ್ರಕ್ಕೂ ಇರುವ ಸಂಬಂಧ ಬೇರೆ ಬಗೆಯದು. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ದೇವತೆಗಳನ್ನೂ ಪ್ರಾಣಿಗಳನ್ನೂ ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ಮರದ ಹೊಟ್ಟು ಕಲಸಿದ ಕಿಟ್ಟದಿಂದ ಮೈ ತಿದ್ದಿ, ಬೆಣಚುಕಲ್ಲಿನ ಪುಡಿಯ ಬಿಳಿ ಲೇಪದ ಮೇಲೆ ಬಣ್ಣ ಹಚ್ಚುವವರು. ತವರವನ್ನು ಅರೆದು ಮಾಡುವ ಲಾಜವರದ ಹೊಳಪು ಅವರ ವಿಶೇಷ. ವಿರೂಪಾಕ್ಷ ದೇವಾಲಯದ ಮಹಾರಂಗಮಂಟಪದ ಮುಚ್ಚಿಗೆಯನ್ನು ಚಿತ್ರಿಸಿದವರು ತಮ್ಮ ಪೂರ್ವಿಕರೆಂಬ ನಂಬಿಕೆ ಅವರಲ್ಲಿದೆ. ಆ ಚಿತ್ರಗಳನ್ನು ವಿಜಯನಗರ ಕಾಲದವೆಂದು ಬಹುಕಾಲ ಎಣಿಸಲಾಗಿತ್ತು; ಅನ್ನಾ ದಲ್ಲಾಪಿಕೊಲಾ ಅವರು ಅವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದವೆಂದು ವಾದಿಸಿದ್ದಾರೆ. ಈ ವಾದವನ್ನು ಒಪ್ಪಿದರೆ ಕಿನ್ನಾಳದವರ ನಂಬಿಕೆಗೆ ಬಲ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ. ಕಾಲದ ದೂರ ಕಡಿಮೆಯಾದಷ್ಟೂ ನೆನಪು ನಂಬಲು ಯೋಗ್ಯವಾಗುತ್ತದೆ. ಇಲ್ಲಿ ಗಮನಿಸಬೇಕಾದ ಮಾತು ಬೇರೆಯೇ ಇದೆ. ಕಿನ್ನಾಳದವರು ಮರವನ್ನು ಮುಚ್ಚಿಡುತ್ತಾರೆ. ಗೆರೆ ಬರುವುದು ಕೊನೆಯಲ್ಲಿ, ಕುಂಚದಿಂದ. ಮರದಚ್ಚಿನವನು ಗೆರೆಯನ್ನುಳಿದು ಮಿಕ್ಕ ಮರವನ್ನೆಲ್ಲ ಕೆತ್ತಿ ಎಸೆಯುತ್ತಾನೆ. ಬೆಲೆ ಏರಿಳಿದರೂ, ಕೊಳ್ಳುವವರು ಬದಲಾದರೂ, ಮೊದಲನೆಯ ಕೆಲಸ ಕೊಪ್ಪಳದಲ್ಲಿ ಇಂದಿಗೂ ನಡೆದಿದೆ. 2012ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ನೋಂದಣಿಯೂ ದೊರೆತಿದೆ.

ಮತ್ತೆ ಕತೆಗೆ ಬರುವುದಾದರೆ, ಡಾಫ್ನಿಸನ ಕತೆಗೂ ಗೋಕುಲದ ಕತೆಗೂ ಇರುವ ಹೋಲಿಕೆ ಮೇಲ್ನೋಟಕ್ಕೇ ಕಾಣುವಂಥದು. ಎರಡರಲ್ಲಿಯೂ ಉಚ್ಚಕುಲದ ಕೂಸು ಗೋವಳರ ನಡುವೆ ಬೆಳೆಯುತ್ತದೆ. ಎರಡರಲ್ಲಿಯೂ ಅದರ ನಿಜವಾದ ಹುಟ್ಟು ಮುಂದೆ ಬಯಲಾಗುತ್ತದೆ. ಲಾಂಗಸನ ಕೃತಿಯ ಓದುಗರು ಹಲವೊಮ್ಮೆ ಮರೆಯುವ ಸಂಗತಿಯೊಂದಿದೆ. ಡಾಫ್ನಿಸ್ ಮತ್ತು ಅವನನ್ನು ಸಾಕಿದ ಲೇಮನ್ ಮಿಟಿಲೀನಿ ಪಟ್ಟಣದ ಒಡೆಯನ ಗುಲಾಮರು. ಒಡೆಯನು ತೋಟ ನೋಡಲು ಬರುವ ಸುದ್ದಿ ಬಂದಾಗ ಇಡೀ ಕುಟುಂಬ ನಡುಗುತ್ತದೆ. ಯಾರೋ ಹಗೆತನದಿಂದ ಹೂದೋಟವನ್ನು ತುಳಿದು ಹಾಳುಮಾಡಿದಾಗ ಮುದುಕ ಲೇಮನ್ ತನಗೆ ಕಾದಿರುವ ಶಿಕ್ಷೆಯನ್ನು ನೆನೆದು ಗೋಳಾಡುತ್ತಾನೆ. ಡಾಫ್ನಿಸನು ಒಡೆಯನ ಮಗನೇ ಎಂದು ತಿಳಿಯದೆ ಹೋಗಿದ್ದರೆ ಈ ಪ್ರಣಯಕ್ಕೆ ಸುಖಾಂತವೇ ಇರುತ್ತಿರಲಿಲ್ಲ. ಗೋವಳನ ಒಲವು ಗೆಲ್ಲಬೇಕಾದರೆ ಅವನು ಗೋವಳನಲ್ಲವೆಂದು ಸಿದ್ಧವಾಗಬೇಕು ಎಂಬುದು ಈ ಪ್ರಕಾರದ ಕಠಿಣವಾದ ನಿಯಮ.

ಕೃಷ್ಣಕಥೆಯಲ್ಲಿ ನಿಯಮ ಇನ್ನೂ ಕಠಿಣ. ಹುಟ್ಟು ಬಯಲಾದೊಡನೆ ಅವನು ಮಥುರೆಗೆ ಹೋಗುತ್ತಾನೆ. ಗೋಪಿಯರು ಹಿಂದೆ ಉಳಿಯುತ್ತಾರೆ. ಭಕ್ತಿಸಾಹಿತ್ಯದ ವಿರಹವೆಲ್ಲ ಈ ಹಿಂದುಳಿದವರ ದನಿ. ಆನೆಗೊಂದಿ ಮತ್ತು ಹಂಪಿಗಳ ನೆಲೆಯಲ್ಲಿ ಈ ಕೃಷ್ಣನ ಚಹರೆ ವಿಚಿತ್ರವಾಗಿ ಹರಡಿಕೊಂಡಿದೆ. ಕೃಷ್ಣದೇವರಾಯನು ಉದಯಗಿರಿಯ ವಿಜಯದ ಗುರುತಾಗಿ ತಂದು 1515ರಲ್ಲಿ ಹಂಪಿಯಲ್ಲಿ ಪ್ರತಿಷ್ಠಾಪಿಸಿದ ವಿಗ್ರಹವು ಬಾಲಕೃಷ್ಣನದು. ಅದರ ಉಳಿಕೆ ಈಗ ಚೆನ್ನೈಯ ವಸ್ತುಸಂಗ್ರಹಾಲಯದಲ್ಲಿದೆ. ಪ್ರಣಯದ ಗೋಪಾಲನು ಗರ್ಭಗುಡಿಯ ಹೊರಗೆ, ಕಂಬದ ಪಟ್ಟಿಕೆಗಳಲ್ಲಿ, ಅಂಗೈಯಗಲದ ಜಾಗದಲ್ಲಿ ನಿಂತಿದ್ದಾನೆ. ರಾಜ್ಯಕ್ಕೆ ಬೇಕಾದುದು ಗೆದ್ದು ತರಬಹುದಾದ ಕೂಸು; ಪ್ರೇಮಿಯನ್ನು ಶಿಲ್ಪಿಗಳ ಪಾಲಿಗೆ ಬಿಡಲಾಯಿತು. ಇನ್ನು ‘ಬೃಂದಾವನ’ ಎಂಬ ಪದವಂತೂ ಆನೆಗೊಂದಿಯಲ್ಲಿ ಗೋಪಿಯರ ಕಾಡನ್ನು ಸೂಚಿಸುವುದಿಲ್ಲ. ಹೊಳೆಯ ನಡುಗಡ್ಡೆಯಲ್ಲಿ ಒಂಬತ್ತು ಮಂದಿ ಮಾಧ್ವ ಯತಿಗಳ ಸಮಾಧಿಗಳಿವೆ. 1539ರಲ್ಲಿ ತೀರಿಕೊಂಡ ವ್ಯಾಸರಾಯರ ಬೃಂದಾವನವೂ ಅಲ್ಲಿಯೇ ಇದೆ. ಪ್ರಣಯದ ತೋಪಿನ ಹೆಸರು ತುಳಸಿಕಟ್ಟೆಗೆ ಬಂದು, ಅಲ್ಲಿಂದ ಸನ್ಯಾಸಿಯ ಸಮಾಧಿಗೆ ಸಂದಿದೆ. ಒಂದು ಪದದ ಈ ಪಯಣದಲ್ಲಿ ಗೋವಳಕಥನದ ಪಳಗಿಸುವಿಕೆಯ ಚರಿತ್ರೆಯೇ ಇದೆ ಎಂದರೆ ಅತಿಶಯೋಕ್ತಿಯಾಗಲಾರದು.

ಈ ಎರಡು ಮಾದರಿಗಳ ಆಚೆಗೆ ಮೂರನೆಯದೊಂದು ಉಂಟು; ಅದು ನಿಜವಾಗಿಯೂ ಕುರಿ ಕಾಯುವವರದು. ಮಹಾರಾಷ್ಟ್ರದಲ್ಲಿ ಖಂಡೋಬ, ಕರ್ನಾಟಕದಲ್ಲಿ ಮೈಲಾರಲಿಂಗ ಎನಿಸಿಕೊಳ್ಳುವ ದೇವರಿಗೆ ಇಬ್ಬರು ಹೆಂಡಿರು. ಒಬ್ಬಳು ಕೈಹಿಡಿದ ಮ್ಹಾಳಸೆ, ನಮ್ಮ ಗಂಗಿಮಾಳವ್ವ. ಇನ್ನೊಬ್ಬಳು ಕುರುಬರ ಹೆಣ್ಣು, ಅಲ್ಲಿ ಬಾಣಾಯಿ, ಇಲ್ಲಿ ಕುರುಬತೆವ್ವ. ಗುಂಥರ್ ಸೊಂಥೈಮರ್ ಅವರು ಧನಗರರಿಂದ ಸಂಗ್ರಹಿಸಿ ಚರ್ಚಿಸಿದ ಮೌಖಿಕ ಕಥನಗಳಲ್ಲಿ ದೇವರು ಬಾಣಾಯಿಯನ್ನು ಮೋಹಿಸಿ, ವೇಷ ಮರೆಸಿಕೊಂಡು ಅವಳ ಹಟ್ಟಿಗೆ ಬಂದು, ಕುರಿ ಕಾಯುವ ಆಳಾಗಿ ದುಡಿಯುತ್ತಾನೆ. ಇಲ್ಲಿ ಗೋವಳನು ಮೇಲೇರಿ ಒಡೆಯನಾಗುವುದಿಲ್ಲ. ಒಡೆಯನೇ ಕೆಳಗಿಳಿದು ಗೋವಳನಾಗಬೇಕು. ಲಾಂಗಸನಿಗೂ ಭಾಗವತಕ್ಕೂ ಹೊಳೆಯದ ತಿರುವಿದು. ಆದರೆ ಈ ಕತೆಯು ಅಚ್ಚಿನ ಲೋಕಕ್ಕೆ ಬಂದಾಗ ಆದದ್ದೇನು? ಪೇಟೆಯ ವರ್ಣಚಿತ್ರಗಳಲ್ಲಿ ಕುದುರೆಯ ಮೇಲೆ ದೇವರ ಜೊತೆ ಸಾಮಾನ್ಯವಾಗಿ ಕುಳಿತಿರುವವಳು ಮ್ಹಾಳಸೆ, ಅವನ ಕತ್ತಿಯ ಕೆಳಗೆ ಮಣಿ ಮಲ್ಲರೆಂಬ ಅಸುರರು. ಕುರಿಹಟ್ಟಿಯಲ್ಲಿ ದೇವರು ಕಸ ಗುಡಿಸಿದ, ಕುರಿ ತೊಳೆದ ಕತೆಯನ್ನು ಹಾಳೆ ಹಾಡುಗಾರರಿಗೇ ಬಿಟ್ಟುಕೊಟ್ಟಿತು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ಬಯಲು ಇಂದಿಗೂ ಕುರಿಗಾಹಿಗಳ ಸೀಮೆ. ಕೆಂಗಂದು ಬಣ್ಣದ ಕೆಂಗುರಿ ತಳಿಯು ಕೊಪ್ಪಳ, ರಾಯಚೂರು ಜಿಲ್ಲೆಗಳ ಸ್ವಂತದ್ದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆ ಹರಿದ ಮೇಲೆ ಗಂಗಾವತಿಯ ಸುತ್ತ ಭತ್ತ ಬಂತು. ಹಿಂದೆ ಮಂದೆ ಹಾಯುತ್ತಿದ್ದ ಹೊಲಗಳಲ್ಲಿ ವರ್ಷಕ್ಕೆ ಎರಡು ಬೆಳೆ ನಿಂತಿತು. ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುವ ಪದ್ಧತಿಯಿಂದಾಗಿ ರೈತನಿಗೂ ಕುರುಬನಿಗೂ ನಂಟು ಉಳಿದಿದೆಯಾದರೂ, ಹುಲ್ಲಿನ ದಾರಿಗಳು ಕಿರಿದಾಗಿವೆ. ಮಠದ ಮುಚ್ಚಿಗೆಯಲ್ಲಿರುವುದು ಗೋಪಿಯರೋ ಅಂತಃಪುರದವರೋ ಎಂದು ಪಂಡಿತರು ಚರ್ಚಿಸುತ್ತಿರುವಾಗ, ಹೊರಗಿನ ದಾರಿಯಲ್ಲಿ ಹಾದುಹೋಗುವ ಮಂದೆಯವನನ್ನು ಈ ಚರ್ಚೆಗೆ ಯಾರೂ ಕರೆದಿಲ್ಲ. ಲಾಂಗಸನ ನಿರೂಪಕನು ಕಡೆಯ ಪಕ್ಷ ಒಬ್ಬ ಸ್ಥಳೀಯನನ್ನು ಹುಡುಕಿದ್ದ.

ರಿಕೆಟ್ಸ್ ಮತ್ತು ಶಾನನ್ನರ ಪುಸ್ತಕದ ಕೊನೆಯ ಭಾಗದಲ್ಲಿ ಮದುವೆಯ ಔತಣದ ಚಿತ್ರವೊಂದಿದೆ. ಅದರಲ್ಲಿ ಊಟಕ್ಕೆ ಕುಳಿತ ಅತಿಥಿಗಳ ಮುಖಗಳು ಬೇರೆ ಯಾರವೂ ಅಲ್ಲ. ರಿಕೆಟ್ಸ್, ಶಾನನ್ ಮತ್ತು ಅವರ ಬಳಗದ ಗೆಳೆಯರವು. ಇದನ್ನು ಕಲಾವಿದರ ಆಪ್ತ ವಿನೋದವೆಂದು ವಿಮರ್ಶಕರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹಾಗೆ ಬಿಡುವುದು ಸರಿಯಲ್ಲ. ಲಾಂಗಸನ ಪಠ್ಯದಲ್ಲಿ ಆ ಔತಣಕ್ಕೆ ಎರಡು ಬಗೆಯ ಜನ ಬಂದಿದ್ದಾರೆ. ಪಟ್ಟಣದಿಂದ ಬಂದ ಒಡೆಯರ ಪರಿವಾರ ಒಂದು ಕಡೆ. ಡ್ರೈಯಸ್, ಲೇಮನ್, ಫಿಲೇಟಸ್ ಮುಂತಾದ ಹಳ್ಳಿಯವರು ಇನ್ನೊಂದು ಕಡೆ. ಒಬ್ಬ ಸುಗ್ಗಿಯ ಹಾಡು ಹಾಡುತ್ತಾನೆ, ಇನ್ನೊಬ್ಬ ದ್ರಾಕ್ಷಿ ತುಳಿಯುವಾಗಿನ ಹಾಸ್ಯ ಮಾಡುತ್ತಾನೆ. ಮೇಕೆಗಳು ಕೂಡ ತಾವೂ ಔತಣಕ್ಕೆ ಬಂದವರಂತೆ ಹತ್ತಿರದಲ್ಲಿಯೇ ಮೇಯುತ್ತಿರುತ್ತವೆ. ಪಟ್ಟಣದವರಿಗೆ ಅದು ಅಷ್ಟಾಗಿ
ಹಿಡಿಸುವುದಿಲ್ಲ. ಲಾಂಗಸ್ ಇದನ್ನು ಒಂದೇ ವಾಕ್ಯದಲ್ಲಿ, ಯಾವ ಟೀಕೆಯೂ ಇಲ್ಲದೆ ಹೇಳಿ ಮುಂದಕ್ಕೆ ಹೋಗುತ್ತಾನೆ. ಲಂಡನ್ನಿನ ಕಲಾವಿದರು ತಮ್ಮ ಮುಖಗಳನ್ನು ಆ ಪಂಕ್ತಿಯಲ್ಲಿ ಕೆತ್ತಿಕೊಂಡಾಗ, ತಮಗೆ ಸಲ್ಲುವ ಜಾಗವನ್ನೇ ಹಿಡಿದರು: ಮೇಕೆಯ ನಾತಕ್ಕೆ ಮೂಗು ಮುರಿದ ಪಟ್ಟಣಿಗರ ಸಾಲು. ಕುರುಬರ ವೇಷ ಹಾಕಿಕೊಂಡು ಕಾಡಿನಲ್ಲಿ ನಿಲ್ಲುವುದು ಅವರಿಗೆ ಸುಲಭವಿತ್ತು. ಆ ಕಾಲದ ಅನೇಕರು ಹಾಗೆಯೇ ಮಾಡಿದರು. ಉದ್ದೇಶಪಟ್ಟೋ ಪಡದೆಯೋ, ಇವರು ಅತಿಥಿಗಳಾಗಿಯೇ ಉಳಿದರು. ಆನೆಗೊಂದಿಯ ಮುಚ್ಚಿಗೆಯ ಕೆಳಗೆ ನಿಂತು ಗೋಪಿಯರ ಬಗೆಗೆ ಬರೆಯುವ ವಿದ್ವಾಂಸನಿಗೂ ಆ ಪಂಕ್ತಿಯಲ್ಲಿ ಒಂದು ಎಲೆ ಹಾಕಿದೆ.

ಡಾಫ್ನಿಸನು ಮಾತ್ರ ಆ ಔತಣದ ನಡುವೆ ಎದ್ದು, ಕೆಲವು ಮೇಕೆಗಳನ್ನು ಹೆಸರು ಹಿಡಿದು ಕರೆದು, ಹಸಿರು ಸೊಪ್ಪು ತಿನ್ನಿಸಿ, ಕೊಂಬು ಹಿಡಿದು ಮುದ್ದಿಡುತ್ತಾನೆ. ಒಡೆಯನ ಮಗನೆಂದು ಗೊತ್ತಾದ ಮೇಲೂ ಅವನಿಗೂ ಕ್ಲೋಯಿಗೂ ಪಟ್ಟಣದ ಬಾಳು ಹಿಡಿಸಲಿಲ್ಲ. ಅವರು ಹಳ್ಳಿಗೆ ಮರಳಿ, ಮಂದೆಗಳನ್ನು ಬೆಳೆಸಿ, ಹುಟ್ಟಿದ ಮಗನನ್ನು ಮೇಕೆಯ ಕೆಚ್ಚಲಿಗೂ ಮಗಳನ್ನು ಕುರಿಯ ಕೆಚ್ಚಲಿಗೂ ಹಿಡಿದರು.